ರಟ್ಟಿನ ಪೆಟ್ಟಿಗೆ ಹುಡುಕುವ ಮೊದಲು

ಮನೆಯ ಪುಟ್ಟ ಹೆಣ್ಣುನಾಯಿಗೆ ವರ್ಷ ತುಂಬಿ, ಎರಡನೆಯ ಸಲ ಬೆದೆಗೆ ಬರುವ ಹೊತ್ತಿಗೆ ಸುತ್ತಲಿನವರ ಸಲಹೆ ಶುರುವಾಗುತ್ತದೆ: ‘ಒಂದು ಸಲವಾದರೂ ಮರಿ ಹಾಕಿಸಿಬಿಡಿ, ಅದರ ಆರೋಗ್ಯಕ್ಕೆ ಒಳ್ಳೆಯದು.’ ಪರಿಚಯದವರ ಮನೆಯಲ್ಲೋ ಪಕ್ಕದ ಬಡಾವಣೆಯಲ್ಲೋ ಅದೇ ಜಾತಿಯ ಗಂಡು ಸಿಗುತ್ತದೆ. ಗಂಡಿನ ಮನೆಯವರಿಗೆ ಇಷ್ಟು ಹಣ, ಇಲ್ಲವೇ ಹುಟ್ಟುವ ಮರಿಗಳಲ್ಲಿ ಒಂದು ಎಂದು ಮಾತಾಗುತ್ತದೆ. ಒಂದು ಭಾನುವಾರ ‘ಕ್ರಾಸಿಂಗ್’ ಮುಗಿಯುತ್ತದೆ. ಆಮೇಲೆ ಹೆಚ್ಚುಕಡಿಮೆ ಎರಡು ತಿಂಗಳು ಯಾರಿಗೂ ದೊಡ್ಡ ಚಿಂತೆಯಿಲ್ಲ. ಹೊಟ್ಟೆ ಜೋತು, ಮೊಲೆ ತುಂಬಿ, ನಾಯಿ ಮೂಲೆಮೂಲೆಯಲ್ಲಿ ನೆಲ ಕೆರೆಯತೊಡಗಿದಾಗ ರಟ್ಟಿನ ಪೆಟ್ಟಿಗೆ, ಹಳೆಯ ಸೀರೆ, ಯಾರಾದರೊಬ್ಬ ಡಾಕ್ಟರ ನಂಬರು ಹುಡುಕಲು ಓಡಾಟ. ಇದನ್ನೇ ನಾವು ತಯಾರಿ ಎನ್ನುತ್ತೇವೆ. ಬಾಯಾರಿದಾಗ ಬಾವಿ ತೋಡುವ ಕೆಲಸವಿದು. ಚೊಚ್ಚಲ ಮರಿಗಳಿಗೆ ಮಾಡಬೇಕಾದ ಸಿದ್ಧತೆಯಲ್ಲಿ ಮುಕ್ಕಾಲು ಪಾಲು ಗಂಡನ್ನು ಹುಡುಕುವ ಮೊದಲೇ ಮುಗಿದಿರಬೇಕು. ಹಾಗೆ ಪ್ರಾಮಾಣಿಕವಾಗಿ ಲೆಕ್ಕಕ್ಕೆ ಕೂತರೆ ಎಷ್ಟೋ ಮನೆಗಳಿಗೆ ಸಿಗುವ ಉತ್ತರ ‘ಬೇಡ’ ಎಂಬುದೇ. ಆ ಉತ್ತರವನ್ನೂ ತಯಾರಿಯ ಫಲವೆಂದೇ ತಿಳಿಯಬೇಕು ಎಂಬುದು ನನ್ನ ವಾದ.

ಮೊದಲು ದಿನದ ಲೆಕ್ಕ ನೋಡೋಣ. ನಾಯಿಯ ಬಸಿರು ಸುಮಾರು 63 ದಿನದ್ದು. ಆದರೆ ಅದನ್ನು ಎಣಿಸಬೇಕಾದದ್ದು ಅಂಡಾಶಯದಿಂದ ಅಂಡ ಬಿಡುಗಡೆಯಾದ ದಿನದಿಂದ, ಕೂಡಿಸಿದ ದಿನದಿಂದಲ್ಲ. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಕೆಲವು ದಿನ ಜೀವಂತವಾಗಿ ಉಳಿಯುವುದರಿಂದ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಭಾನುವಾರದಿಂದ ಎಣಿಸಿದರೆ ಹೆರಿಗೆ 57ನೇ ದಿನಕ್ಕೂ ಆದೀತು, 72ನೇ ದಿನಕ್ಕೂ ಆದೀತು. ನಾಲ್ಕು ವಾರದ ಹೊತ್ತಿಗೆ ಅಲ್ಟ್ರಾಸೌಂಡ್ ಮಾಡಿಸಿದರೆ ಗಬ್ಬ ನಿಂತಿದೆಯೇ ಎಂಬುದು ತಿಳಿಯುತ್ತದೆ. 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಿದರೆ ಮರಿಗಳ ಮೂಳೆ ಕಾಣಿಸಿ ಎಷ್ಟಿವೆ ಎಂಬ ಎಣಿಕೆ ಸಿಗುತ್ತದೆ. ಇವೆಲ್ಲ ಬೇಕಾದವೇ, ಆದರೆ ಆಗಿಹೋದದ್ದನ್ನು ತಿಳಿಸುವಂಥವು. ಬಸಿರಾದ ಮೇಲೆ ಬದಲಿಸಲಾಗದ ಸಂಗತಿಗಳೇ ಬೇರೆ ಇವೆ. ಸಣ್ಣ ಜಾತಿಯ ನಾಯಿ ಆರರಿಂದ ಒಂಬತ್ತು ತಿಂಗಳಿಗೇ ಮೊದಲ ಸಲ ಬೆದೆಗೆ ಬರಬಹುದು. ಅಷ್ಟಕ್ಕೇ ಅದು ತಾಯಾಗುವಷ್ಟು ಬಲಿತಿರುವುದಿಲ್ಲ. ಮಂಡಿಚಿಪ್ಪು ಜಾರುವ ದೋಷ ಸಣ್ಣ ತಳಿಗಳಲ್ಲಿ ಸಾಮಾನ್ಯ, ಅದು ಮರಿಗಳಿಗೂ ಇಳಿಯುತ್ತದೆ. ಬ್ರುಸೆಲ್ಲಾ ಸೋಂಕು ಕೂಡುವಿಕೆಯಿಂದಲೇ ಹರಡಿ ಗರ್ಭಪಾತಕ್ಕೆ ಕಾರಣವಾಗಬಲ್ಲುದು. ಲಸಿಕೆ ಬಾಕಿಯಿದ್ದರೆ ಅದನ್ನೂ ಕೂಡಿಸುವ ಮೊದಲೇ ಹಾಕಿಸಬೇಕು, ಏಕೆಂದರೆ ಮರಿಗಳ ಮೊದಲ ರಕ್ಷಣೆ ತಾಯಿಯ ಗಿಣ್ಣುಹಾಲಿನಿಂದ ಬರುವುದು. ಗಂಡು ಹೆಣ್ಣಿಗಿಂತ ದೊಡ್ಡ ಮೈಕಟ್ಟಿನದಾಗಿದ್ದರೆ ಅದರ ಫಲವನ್ನು 63ನೇ ದಿನ ಯಾವ ಪೆಟ್ಟಿಗೆಯೂ ಸರಿಪಡಿಸಲಾರದು.

ಸಣ್ಣ ನಾಯಿಗಳ ವಿಷಯದಲ್ಲಿ ಈ ಮುಂದಾಲೋಚನೆಗೆ ಇನ್ನೂ ಹೆಚ್ಚಿನ ಕಾರಣವಿದೆ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿ ಏಳೆಂಟು ಮರಿ ಹಾಕಿದರೆ, ಪಮೇರಿಯನ್, ಚಿವಾವಾದಂಥವು ಸಾಮಾನ್ಯವಾಗಿ ಒಂದರಿಂದ ನಾಲ್ಕು ಹಾಕುತ್ತವೆ. ಮರಿ ಕಡಿಮೆಯಾದರೆ ಹೆರಿಗೆ ಸಲೀಸು ಎಂದು ನಮಗೆ ತೋರುತ್ತದೆ. ನಿಜಕ್ಕೂ ಹೊಟ್ಟೆಯಲ್ಲಿ ಒಂದೇ ಮರಿಯಿದ್ದರೆ ಅದು ಜಾಗವೆಲ್ಲ ತನ್ನದೇ ಎಂಬಂತೆ ದಪ್ಪಗೆ ಬೆಳೆಯುತ್ತದೆ. ಹೆರಿಗೆ ಶುರುವಾಗಲು ಮರಿಗಳ ಕಡೆಯಿಂದ ತಾಯಿಯ ದೇಹಕ್ಕೆ ಹೋಗಬೇಕಾದ ಹಾರ್ಮೋನಿನ ಸೂಚನೆಯೂ ಒಂದೇ ಮರಿಯಿಂದ ಸಾಕಷ್ಟು ಹೋಗುವುದಿಲ್ಲ. ನೋವು ಬರುವುದು ತಡ, ಬಂದರೂ ದಾರಿ ಕಿರಿದು. ಮೊಬೈಲ್ ಜಾಹೀರಾತಿನಿಂದ 2003ರಲ್ಲಿ ಮನೆಮಾತಾದ ಪಗ್, ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾಣಿಸುವ ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳದ್ದು ಇನ್ನೂ ಕಷ್ಟ. ಇವುಗಳ ಮರಿಗಳ ತಲೆ ಅಗಲ, ತಾಯಂದಿರ ಉಸಿರಾಟವೇ ತ್ರಾಸದ್ದು. ಬ್ರಿಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ರೆಂಚ್ ಬುಲ್‌ಡಾಗ್‌ಗಳ ಪ್ರತಿ ಹತ್ತು ಹೆರಿಗೆಗಳಲ್ಲಿ ಎಂಟಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು. ಹೀಗಿರುವ ಜಾತಿಯನ್ನು ಕೂಡಿಸಲು ಒಪ್ಪುವುದೆಂದರೆ ಆಪರೇಷನ್ನಿಗೂ ಅಂದೇ ಒಪ್ಪಿಗೆ ಕೊಟ್ಟಂತೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಬೀದಿನಾಯಿ ಮೋರಿಯ ಕೆಳಗೆ, ಕಟ್ಟಡದ ಮರಳುಗುಡ್ಡೆಯ ಮೇಲೆ ಯಾರ ನೆರವೂ ಇಲ್ಲದೆ ಆರು ಮರಿ ಹಾಕುತ್ತದಲ್ಲ, ಮನೆಯ ನಾಯಿಗೆ ಏಕಿಷ್ಟು ಬಡಿವಾರ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ನಾಡುನಾಯಿಯ ಮೈಕಟ್ಟನ್ನು ಮನುಷ್ಯ ತನ್ನ ಚಂದಕ್ಕೆಂದು ತಿದ್ದಲಿಲ್ಲ. ಹೆರಲಾರದವು ಹೆರದೆಯೇ ಸತ್ತು, ಸುಲಭವಾಗಿ ಹೆರುವವುಗಳ ಸಂತತಿಯೇ ಉಳಿದು ಬಂದಿದೆ. ಮಡಿಲಲ್ಲಿ ಕೂರುವಷ್ಟು ಕುಗ್ಗಿಸಿದ, ಮೂತಿ ಒಳಕ್ಕೆ ತಳ್ಳಿದ ನಾಯಿಗಳಿಗೆ ಆ ಸೋಸುವಿಕೆಯೇ ತಪ್ಪಿದೆ. ಇನ್ನರ್ಧ ಸತ್ಯವನ್ನು ನಾವು ನೋಡುವುದಿಲ್ಲ, ಏಕೆಂದರೆ ಬೀದಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಉಳಿದ ಮರಿಗಳು ಮಾತ್ರ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು 95 ಸೂಲುಗಳಲ್ಲಿ ಹುಟ್ಟಿದ 364 ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ರಾಯಕ್ಕೆ ಬರುವವರೆಗೆ ಬದುಕಿದವು ಶೇ 19ರಷ್ಟು ಮಾತ್ರ. ಆ ಸಾವುಗಳಲ್ಲಿ ಹೆಚ್ಚಿನವಕ್ಕೆ ನೇರವಾಗಿಯೋ ಪರೋಕ್ಷವಾಗಿಯೋ ಮನುಷ್ಯರೇ ಕಾರಣರಾಗಿದ್ದರು ಎಂಬುದನ್ನೂ ಹೇಳಬೇಕು, ಎಲ್ಲವನ್ನೂ ಪ್ರಕೃತಿಯ ತಲೆಗೆ ಕಟ್ಟುವಂತಿಲ್ಲ. ಆದರೂ ಐದರಲ್ಲಿ ನಾಲ್ಕು ಮರಿ ಸಾಯುವ ವ್ಯವಸ್ಥೆಯನ್ನು ಮನೆಯ ನಾಯಿಗೆ ಮಾದರಿ ಎಂದು ತೋರಿಸುವುದು ಯಾವ ನ್ಯಾಯ?

ಹೆರಿಗೆಯ ರಾತ್ರಿಗೆ ಬೇಕಾದ ವಸ್ತುಗಳು ಹೆಚ್ಚಿಲ್ಲ, ಬೇಕಾದದ್ದು ತಿಳಿವಳಿಕೆ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101–102 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಕೊನೆಯ ವಾರ ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ನೋಡಿದರೆ, ಅದು 99ಕ್ಕಿಂತ ಕೆಳಗಿಳಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರುವಾಗುತ್ತದೆ. ಅಗ್ಗದ ಈ ಉಪಕರಣ ರಟ್ಟಿನ ಪೆಟ್ಟಿಗೆಗಿಂತ ದೊಡ್ಡ ಉಪಕಾರಿ. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ, ಒಳಗೆ ಇನ್ನೂ ಮರಿಯಿದೆ ಎಂದು ಗೊತ್ತಿದ್ದೂ ಎರಡು ಗಂಟೆ ಸುಮ್ಮನೆ ಕಳೆದರೆ, ಮೊದಲ ಮರಿಗೂ ಮುನ್ನ ಹಸಿರು ಸ್ರಾವ ಕಂಡರೆ ಡಾಕ್ಟರ ಬಳಿಗೆ ಓಡಬೇಕು. ಹಸಿರು ಎಂದರೆ ಒಳಗೆ ಮಾಸು ಕಳಚಿಕೊಂಡಿದೆ, ಮರಿಗೆ ಉಸಿರು ಸಾಲದಾಗುವ ಹೊತ್ತು ಬಂದಿದೆ ಎಂದರ್ಥ. ನೋವು ಬರಿಸುವ ಇಂಜೆಕ್ಷನ್ನನ್ನು ಡಾಕ್ಟರು ನೋಡದೆ ಯಾರ ಕೈಯಿಂದಲೂ ಕೊಡಿಸಬಾರದು. ಮರಿ ಅಡ್ಡ ಸಿಕ್ಕಿಕೊಂಡಿರುವಾಗ ಗರ್ಭಕೋಶವನ್ನು ಹಿಂಡಿಸಿದರೆ ಅದು ಹರಿದೇ ಹೋಗಬಹುದು. ಆದ್ದರಿಂದ ನಿಜವಾದ ತಯಾರಿಯೆಂದರೆ ರಾತ್ರಿ ಎರಡಕ್ಕೆ ಫೋನ್ ಎತ್ತುವ ಪಶುವೈದ್ಯರು, ಅವರಿಗೆ ಸಿಸೇರಿಯನ್ ಮಾಡುವ ಅನುಕೂಲ, ಅಲ್ಲಿಗೆ ಒಯ್ಯಲು ವಾಹನ ಮತ್ತು ಕೈಯಲ್ಲಿ ಹಣ. ಬೆಂಗಳೂರು, ಮೈಸೂರಿನಲ್ಲಿ ಇದನ್ನು ಹೊಂದಿಸಿಕೊಳ್ಳಬಹುದು. ಸರ್ಕಾರಿ ಪಶು ಆಸ್ಪತ್ರೆಯ ಗಮನವೆಲ್ಲ ಹಸು, ಎಮ್ಮೆ, ಕುರಿಯ ಮೇಲಿರುವ ತಾಲ್ಲೂಕು ಊರಿನಲ್ಲಿ ಇದನ್ನು ಮೊದಲೇ ವಿಚಾರಿಸದೆ ಮುಂದುವರಿಯುವುದು ಜೂಜು.

ಆರೈಕೆಯ ವಿಷಯದಲ್ಲಿ ನಮ್ಮವರ ಪ್ರೀತಿಗೆ ಕೊರತೆಯಿಲ್ಲ, ಅದು ಹರಿಯುವ ದಿಕ್ಕು ಮಾತ್ರ ತಪ್ಪುತ್ತದೆ. ಬಾಣಂತನದ ದೊಡ್ಡ ಪರಂಪರೆಯಿರುವ ಮನೆಗಳು ಅದನ್ನೇ ನಾಯಿಗೂ ವಿಸ್ತರಿಸುತ್ತವೆ: ಬಸಿರಿನ ಮೊದಲ ವಾರದಿಂದಲೇ ತುಪ್ಪ, ಬೆಲ್ಲ, ಮೇಲೊಂದು ಕ್ಯಾಲ್ಸಿಯಂ ಟಾನಿಕ್. ಐದು ವಾರದವರೆಗೆ ನಾಯಿಗೆ ಹೆಚ್ಚುವರಿ ಊಟ ಬೇಕಾಗುವುದೇ ಕಡಿಮೆ. ಕೊಬ್ಬು ಸೇರಿದಷ್ಟೂ ಹೆರಿಗೆ ಕಷ್ಟ. ಕ್ಯಾಲ್ಸಿಯಂ ಕತೆಯಂತೂ ವಿಚಿತ್ರ. ಹಾಲು ಇಳಿದಾಗ ಮೂಳೆಯಲ್ಲಿನ ಸುಣ್ಣದಂಶವನ್ನು ರಕ್ತಕ್ಕೆ ಬಿಡುಗಡೆ ಮಾಡಿಸುವ ಹಾರ್ಮೋನೊಂದು ಕೆಲಸ ಮಾಡಬೇಕು. ಬಸಿರಿನುದ್ದಕ್ಕೂ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ ಆ ಹಾರ್ಮೋನನ್ನು ಸ್ರವಿಸುವ ಗ್ರಂಥಿ ಸೋಮಾರಿಯಾಗಿರುತ್ತದೆ. ಮರಿಗಳು ಎರಡು ಮೂರು ವಾರದವಾಗಿ ಹಾಲು ಜಗ್ಗುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ತಾಯಿ ಏದುಸಿರು ಬಿಡುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ನಡುಗಿ ಬೀಳುತ್ತದೆ. ಕೂಡಲೇ ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಈ ಅಪಾಯ ಹೆಚ್ಚಾಗಿ ಕಾಡುವುದು ಸಣ್ಣ ಜಾತಿಯ ತಾಯಂದಿರನ್ನೇ. ಬಸಿರಿನಲ್ಲಿ ಟಾನಿಕ್ಕಿಗಿಂತ ಸಮತೋಲದ ಆಹಾರ, ಹಾಲೂಡುವಾಗ ಎರಡು ಮೂರು ಪಟ್ಟು ಊಟ ಎಂಬ ಸರಳ ಸೂತ್ರ ನಮ್ಮ ವಾಡಿಕೆಗೆ ಪೂರ್ತಿ ತಿರುಗುಮುರುಗು.

ಮರಿ ಹುಟ್ಟಿದ ಮೇಲಿನ ಎರಡು ತಿಂಗಳ ದುಡಿಮೆಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಟ್ಟಿದ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಾಗಲಿ ಮಲೆನಾಡಿನ ಆಷಾಢದ ಥಂಡಿಗಾಗಲಿ ಹಳೆಯ ಸೀರೆ ಸಾಲದು, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಬೇಕು, ಬಿಸಿ ಹೆಚ್ಚಾದರೆ ತಾಯಿ ಪಕ್ಕಕ್ಕೆ ಸರಿಯಲು ಜಾಗವೂ ಬೇಕು. ಮೊದಲ ದಿನವೇ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು. ದಿನವೂ ತೂಕ ನೋಡಬೇಕು: ಹತ್ತು ದಿನದ ಹೊತ್ತಿಗೆ ತೂಕ ಸರಿಸುಮಾರು ಇಮ್ಮಡಿಯಾಗಬೇಕು, ಒಂದು ದಿನ ಏರದೆ ನಿಂತರೂ ಅದು ಎಚ್ಚರಿಕೆ. ಚೊಚ್ಚಲ ತಾಯಿ ಕೆಲವೊಮ್ಮೆ ಮರಿಯನ್ನು ನೆಕ್ಕದೆ, ಹತ್ತಿರ ಬಿಟ್ಟುಕೊಳ್ಳದೆ ಕೂರುತ್ತದೆ. ಆಗ ಮನೆಯವರು ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಹಿಂಡುತ್ತಾರೆ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಕೊಬ್ಬೂ ಪ್ರೋಟೀನೂ ಸುಮಾರು ಎರಡು ಪಟ್ಟು ಇರುತ್ತವೆ. ಅದಕ್ಕೆ ನೀರನ್ನೂ ಸೇರಿಸಿದರೆ ಮರಿಗೆ ಉಳಿಯುವುದೇನು? ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಮರಿಯನ್ನು ಅಂಗಾತ ಮಲಗಿಸದೆ ಕುಡಿಸಬೇಕು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ಹೊರಡುವ ಮನೆಯಲ್ಲಿ ಇದನ್ನು ಮಾಡುವವರು ಯಾರು ಎಂಬುದಕ್ಕೆ ಹೆಸರು ಹಿಡಿದು ಉತ್ತರವಿರಬೇಕು.

ಇಷ್ಟೆಲ್ಲ ಹೊರೆಯನ್ನು ಸಮರ್ಥಿಸುವ ಮುಖ್ಯ ವಾದ ‘ಆರೋಗ್ಯಕ್ಕೆ ಒಳ್ಳೆಯದು’ ಎಂಬುದು. ಅದನ್ನು ಗಂಭೀರವಾಗಿಯೇ ಪರೀಕ್ಷಿಸೋಣ. ಮೊದಲ ಬೆದೆಗೆ ಮುನ್ನವೇ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಸ್ತನದ ಗಡ್ಡೆಯ ಅಪಾಯ ತೀರಾ ಕಡಿಮೆಯಾಗುತ್ತದೆ ಎಂದು 1969ರ ಅಧ್ಯಯನವೊಂದು ಹೇಳಿತು. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಮರುಪರಿಶೀಲಿಸಿದವರು ಆ ಪುರಾವೆ ಅಂದುಕೊಂಡಷ್ಟು ಗಟ್ಟಿಯಲ್ಲ ಎಂದರು. ಈ ಚರ್ಚೆ ನಡೆಯಲಿ. ಅದು ಚಿಕಿತ್ಸೆಯ ಲಾಭ ಎಷ್ಟು ಎಂಬುದರ ಬಗ್ಗೆಯೇ ಹೊರತು ಒಂದು ಸೂಲಿನಿಂದ ತಾಯಿಗೆ ರಕ್ಷಣೆ ಸಿಗುತ್ತದೆ ಎಂಬುದರ ಬಗ್ಗೆ ಅಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ರೋಗದ ಮಾತು ಬೇರೆ. ಸ್ವೀಡನ್ನಿನ ನಾಯಿವಿಮೆ ದಾಖಲೆಗಳ ಪ್ರಕಾರ, ಗರ್ಭಕೋಶ ತೆಗೆಸದ ಹೆಣ್ಣುನಾಯಿಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗಕ್ಕೆ ಹತ್ತು ವರ್ಷದೊಳಗೆ ಈ ರೋಗ ಬರುತ್ತದೆ. ಮರಿ ಹಾಕಿದ ನಾಯಿಗಳಲ್ಲಿ ಇದು ತುಸು ಕಡಿಮೆ ಎಂಬ ಅವಲೋಕನವೂ ಉಂಟು. ಸಲಹೆಗಾರರ ಪಾಲಿಗೆ ಸಿಗಬೇಕಾದ ಅಂಕವನ್ನು ಕೊಟ್ಟುಬಿಡೋಣ. ಆದರೆ ಆ ತುಸು ಲಾಭಕ್ಕೆ ಬಸಿರು, ಹೆರಿಗೆ, ಹಾಲೂಡಿಕೆಯ ಅಪಾಯವನ್ನು ತೆರಬೇಕು. ಗರ್ಭಕೋಶವನ್ನೇ ತೆಗೆಸಿದರೆ ಆ ರೋಗಕ್ಕೆ ನೆಲೆಯೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೂ ಅದರದೇ ಅಪಾಯಗಳಿವೆ. ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ಆ ನಾಯಿಯನ್ನು ಬಲ್ಲ ವೈದ್ಯರು ಹೇಳಬೇಕು. ಔಷಧದ ಹೆಸರಿನಲ್ಲಿ ಮರಿ ಹಾಕಿಸುವುದಂತೂ ಯಾವ ವೈದ್ಯಶಾಸ್ತ್ರದ ಮಾತೂ ಅಲ್ಲ.

ಇನ್ನೊಂದು ವಾದ ಭಾವನೆಯದು: ತಾಯ್ತನದ ಸುಖವನ್ನು ಕಸಿಯುವುದು ಪಾಪವಲ್ಲವೇ, ಮಕ್ಕಳಿಗೂ ಹುಟ್ಟಿನ ಸೋಜಿಗ ಕಾಣಲಿ ಎಂಬುದು. ಮರಿಗಳೊಂದಿಗೆ ತಾಯಿನಾಯಿಯ ಬಂಧ ಆಳವಾದದ್ದೇ. ಆದರೆ ಬಾರದ ಮರಿಗಳಿಗಾಗಿ ನಾಯಿ ಹಂಬಲಿಸುತ್ತದೆ ಎಂಬುದು ನಮ್ಮ ಮನಸ್ಸನ್ನು ಅದರೊಳಗೆ ಇಟ್ಟು ನೋಡುವ ಮಾತು. ಅದೂ ಅಲ್ಲದೆ ಹೀಗೆ ಹೇಳುವವರೇ ನಲವತ್ತೈದು ದಿನಕ್ಕೆ ಮರಿಗಳನ್ನು ಒಂದೊಂದಾಗಿ ಕೊಟ್ಟುಬಿಡುತ್ತಾರೆ. ತಾಯ್ತನಕ್ಕೆ ಕೊಟ್ಟ ಗೌರವ ಅಲ್ಲಿಗೆ ಮುಗಿಯುತ್ತದೆ. ಈ ನಲವತ್ತೈದು ದಿನದ ವಾಡಿಕೆ ತಾಯಿಗಷ್ಟೇ ಅಲ್ಲ, ಮರಿಗೂ ನಷ್ಟ. ಕಚ್ಚಿದರೆ ಎಷ್ಟು ನೋಯುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬ ಪಾಠವನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆಗಿನ ಆ ಕೊನೆಯ ವಾರಗಳಲ್ಲೇ. ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಮಾರಾಟಕ್ಕೆಂದು ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ‘ನಮ್ಮದೇನು ವ್ಯಾಪಾರವಲ್ಲ’ ಎನ್ನುವವರು ಕೊನೆಗೆ ಒಂದೊಂದು ಮರಿಗೂ ಬೆಲೆ ಹೇಳುವಾಗ ಅದು ಬೇರೇನು?

ಆ ಬೆಲೆಯ ಲೆಕ್ಕವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಸಣ್ಣ ನಾಯಿಗೆ ಹುಟ್ಟಿದ್ದು ಎರಡು ಮರಿಯಾಗಿ, ಒಂದು ಗಂಡಿನ ಮನೆಗೆ ಹೋದರೆ ಉಳಿದದ್ದು ಒಂದು. ಅಲ್ಟ್ರಾಸೌಂಡ್, ಎಕ್ಸ್‌ರೇ, ತಾಯಿಯ ಆಹಾರ, ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧ, ಮೊದಲ ಲಸಿಕೆ ಕಳೆದರೆ ಆ ಒಂದು ಮರಿಯ ಹಣ ಕರಗುತ್ತದೆ. ನಡುವೆ ಸಿಸೇರಿಯನ್ ಬಂದರೆ ಕೈಯಿಂದಲೇ ಹೋಗುತ್ತದೆ. ಲಾಭ ಬರಬೇಕೆಂದರೆ ಈ ಖರ್ಚುಗಳಲ್ಲಿ ಯಾವುದನ್ನಾದರೂ ತಪ್ಪಿಸಬೇಕು. ಕೆಟ್ಟ ತಳಿ ವ್ಯಾಪಾರ ಹುಟ್ಟುವುದು ಹೀಗೆಯೇ. 2022ರಲ್ಲಿ ಬಂದ ‘777 ಚಾರ್ಲಿ’ ಚಿತ್ರ ರಕ್ತಸಂಬಂಧದಲ್ಲೇ ನಾಯಿಗಳನ್ನು ಕೂಡಿಸಿ ಮರಿ ಮಾರುವವರ ಕ್ರೌರ್ಯವನ್ನು ಮನೆಮನೆಗೆ ತಲುಪಿಸಿತು, ನಾವೂ ಕಣ್ಣೊರೆಸಿಕೊಂಡೆವು. ಪಕ್ಕದ ಬಡಾವಣೆಯ ಗಂಡೂ ನಮ್ಮ ಹೆಣ್ಣೂ ಒಂದೇ ಮಾರಾಟಗಾರನಿಂದ ಬಂದವೇ ಎಂದು ವಿಚಾರಿಸಿದವರು ಎಷ್ಟು ಮಂದಿ? ಇತ್ತ ಬೆಂಗಳೂರಿನಲ್ಲಿ 2023ರ ಸಮೀಕ್ಷೆಯ ಅಂದಾಜಿನಂತೆ 2.79 ಲಕ್ಷ ಬೀದಿನಾಯಿಗಳಿವೆ. ಅವುಗಳಿಗೆ ಪಮೇರಿಯನ್ ಮರಿಗಳು ಕಾರಣವಲ್ಲ ಎಂಬುದು ನಿಜ. ಆದರೆ ಮನೆ ಬೇಕಾದ ಮರಿಗಳಿಗೆ ಈ ನಗರದಲ್ಲಿ ಬರವಿಲ್ಲ ಎಂಬುದೂ ಅಷ್ಟೇ ನಿಜ. ಮಕ್ಕಳಿಗೆ ಜೀವದ ಸೋಜಿಗ ತೋರಿಸಬೇಕೆಂದರೆ ಬೀದಿಯ ಒಂದು ಮರಿಯನ್ನು ಬದುಕಿಸಿ ಬೆಳೆಸುವುದೂ ಅದೇ ಪಾಠ.

ಹಾಗಾದರೆ ಯಾರೂ ಮರಿ ಹಾಕಿಸಬಾರದೇ, ತಳಿಗಳು ಅಳಿದು ಹೋಗಲಿ ಎನ್ನುತ್ತೀರೇ ಎಂದು ಕೇಳಬಹುದು. ಇಲ್ಲ. ಲೆಕ್ಕ ತಿಳಿದು ಹೊರೆ ಹೊರುವವರು ಹಾಕಿಸಲಿ. ಅಂಥವರ ಮನೆಯಲ್ಲಿ ಹುಟ್ಟಿದ ಮರಿಯೇ ಗಟ್ಟಿಯಾಗಿ ಬದುಕುತ್ತದೆ. ಈಗಾಗಲೇ ಗಬ್ಬವಾಗಿರುವ ನಾಯಿಯ ಮನೆಯವರಿಗೂ ಎಕ್ಸ್‌ರೇ, ಥರ್ಮಾಮೀಟರ್, ರಾತ್ರಿಯ ವೈದ್ಯರನ್ನು ಹೊಂದಿಸಿಕೊಳ್ಳಲು ಸಮಯವಿದೆ. ಉಳಿದವರು ಒಂದು ಹಾಳೆ ತೆಗೆದುಕೊಳ್ಳಲಿ. ತಾಯಿಯ ವಯಸ್ಸು, ತೂಕ, ಡಾಕ್ಟರು ಮಂಡಿ ಮುಟ್ಟಿ ನೋಡಿದ ದಿನಾಂಕ, ಗಂಡಿನ ತಂದೆತಾಯಿ ಯಾರು ಎಂಬ ವಿವರ, ರಾತ್ರಿ ಆಪರೇಷನ್ ಮಾಡಬಲ್ಲ ಆಸ್ಪತ್ರೆಯ ನಂಬರು, ಅದಕ್ಕೆಂದು ತೆಗೆದಿಟ್ಟ ಹಣ, ಎರಡು ತಿಂಗಳು ಹಗಲು ಮನೆಯಲ್ಲಿರುವವರ ಹೆಸರು ಇಷ್ಟನ್ನು ಬರೆಯಲಿ. ಕೆಳಗೆ ನಾಲ್ಕು ಮರಿಗೆ ನಾಲ್ಕು ವಿಳಾಸ ಬರೆಯಲಿ. ‘ನೋಡೋಣ, ಯಾರಾದರೂ ತೊಗೋತಾರೆ’ ಎಂಬುದು ವಿಳಾಸವಲ್ಲ. ಎಂಟು ವಾರ ಕಾಯಲು ಒಪ್ಪಿದವರ, ಮರಿ ಹೊಂದದಿದ್ದರೆ ನಿಮಗೇ ಹಿಂದಿರುಗಿಸುತ್ತೇವೆ ಎಂದವರ ಹೆಸರು ಬೇಕು. ಹಾಳೆ ತುಂಬಿದರೆ ಗಂಡಿನ ಮನೆಗೆ ಫೋನ್ ಮಾಡಬಹುದು. ಒಂದು ಸಾಲು ಖಾಲಿ ಉಳಿದರೂ ಆ ಫೋನನ್ನು ಪಶುವೈದ್ಯರಿಗೆ ಮಾಡಿ, ಸಂತಾನಹರಣ ಚಿಕಿತ್ಸೆಗೆ ಯಾವ ದಿನ ಕರೆತರಲಿ ಎಂದು ಕೇಳಬೇಕು.